ವೆಂಡೆಲ್ ಸ್ಟ್ರೂಪನ ಎರಡು ವಾರದ ನೋಟಿಸು

ಬೆಳಗ್ಗೆ ಆರೂ ಮುಕ್ಕಾಲು. ವೆಂಡೆಲ್ ಸ್ಟ್ರೂಪ್ ಅಡುಗೆಮನೆಯಲ್ಲಿ ನಿಂತು ಮಗಳ ಬುತ್ತಿಗೆ ಬ್ರೆಡ್ಡಿನ ಮೇಲೆ ಕಡಲೆಕಾಯಿ ಬೆಣ್ಣೆ ಸವರುತ್ತಿದ್ದ. ಈ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬೆಣ್ಣೆ ನಾಲ್ಕು ಮೂಲೆಗೂ ಮುಟ್ಟಬೇಕು, ಆದರೆ ಅಂಚು ದಾಟಿ ಹೊರಗೆ ಇಣುಕಬಾರದು ಎನ್ನುವುದು ಅವನ ಕಾನೂನು. ಮಗಳು ಓಪಲ್, ಒಂಬತ್ತು ವರ್ಷದವಳು, ಒಂದು ಕಾಲ್ಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

ಆಗ ಹಿಂಬಾಗಿಲಿನ ಜಾಲರಿಯನ್ನು ಯಾರೋ ದಬದಬ ಬಡಿದರು. ಪಕ್ಕದ ಮನೆಯ ರಸ್ ಬೆಂಡರ್. ಕಸದ ಡಬ್ಬಿಯನ್ನು ರಸ್ತೆಗೆ ಎಳೆದುಕೊಂಡು ಹೊರಟಿದ್ದವನು, ಸುದ್ದಿಯ ಭಾರ ತಡೆಯಲಾರದೆ, ಡಬ್ಬಿಯನ್ನೂ ಎಳೆದುಕೊಂಡೇ ಇತ್ತ ಬಂದಿದ್ದ.

"ವೆಂಡೆಲ್, ನಿಮ್ಮ ಕಾರ್ಖಾನೆ ಮುಂದೆ ಬೋರ್ಡ್ ಹಾಕಿದಾರೆ. ನೋಡಿದ್ಯಾ?"

"ಯಾವ ಬೋರ್ಡು?"

"ಈಗ ತಾನೇ ಡೋನಟ್ ತರೋಕೆ ಹೋಗಿದ್ದೆ, ಕಣ್ಣಿಗೆ ಬಿತ್ತು. ಹೊಸದಾಗಿ ಸೇರೋರಿಗೆ ಗಂಟೆಗೆ ಇಪ್ಪತ್ತೊಂದು ಡಾಲರಂತೆ! ಅನುಭವ ಬೇಡ್ವಂತೆ. ಸೇರಿದ ದಿನಾನೇ ಐನೂರು ಡಾಲರ್ ಕೈಗೆ. ಜೊತೆಗೊಂದು ಟೋಪಿ."

ವೆಂಡೆಲನ ಕೈಯಲ್ಲಿದ್ದ ಚಾಕು ಗಾಳಿಯಲ್ಲೇ ನಿಂತಿತು. "ಟೋಪಿನೂ ಕೊಡ್ತಾರಾ?"

"ನೀಲಿ ಬಣ್ಣದ್ದು. ಚಿತ್ರ ಹಾಕಿದಾರೆ."

ಟಟ್‌ವೈಲರ್ ಕಾರ್ಖಾನೆಯಲ್ಲಿ ಮನೆಗಳ ಮುಂದೆ ಕಂಬದ ಮೇಲೆ ಕೂರಿಸುವ ಅಂಚೆಪೆಟ್ಟಿಗೆ ತಯಾರಾಗುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಬಾವುಟ ಇರುತ್ತದೆ. ಒಳಗೆ ಕಳಿಸಬೇಕಾದ ಕಾಗದವಿದ್ದರೆ ಅದನ್ನು ಎತ್ತಿ ನಿಲ್ಲಿಸಬೇಕು, ಅಂಚೆಯವನು ನೋಡಿ ನಿಲ್ಲುತ್ತಾನೆ. ಆ ಬಾವುಟವನ್ನು ಜೋಡಿಸಿ, ಮೂರು ಸಲ ಎತ್ತಿ, ಮೂರು ಸಲ ಇಳಿಸಿ, ಸರಿಯಾಗಿದೆ ಎಂದು ಮುಂದಕ್ಕೆ ತಳ್ಳುವವನು ವೆಂಡೆಲ್. ಹತ್ತೊಂಬತ್ತು ವರ್ಷದಿಂದ ಓಹಾಯೊದ ಆ ಭಾಗದಲ್ಲಿ ಯಾರ ಮನೆಯ ಬಾವುಟ ನೆಟ್ಟಗೆ ನಿಂತಿದ್ದರೂ ಅದು ವೆಂಡೆಲನ ಕೈಯ ಪುಣ್ಯ. ಇಷ್ಟಕ್ಕೆಲ್ಲ ಕಂಪನಿ ಅವನಿಗೆ ಕೊಡುತ್ತಿದ್ದದ್ದು ಗಂಟೆಗೆ ಹದಿನೆಂಟು ಡಾಲರ್ ಅರವತ್ತು ಸೆಂಟು. ಟೋಪಿ ಕೊಟ್ಟಿರಲಿಲ್ಲ.

"ನೆನ್ನೆ ಬಂದೋನಿಗೆ ಇಪ್ಪತ್ತೊಂದು! ಬಾವುಟ ಯಾವ ಕಡೆ ಏಳುತ್ತೆ ಅಂತ ಗೊತ್ತಿಲ್ಲದೋನಿಗೆ ಇಪ್ಪತ್ತೊಂದು!" ಎಂದು ವೆಂಡೆಲ್ ಗುಡುಗಿದ.

"ಅಪ್ಪಾ, ನೀನು—" ಎಂದಳು ಓಪಲ್.

"ಆಮೇಲೆ ಪುಟ್ಟಿ, ದೊಡ್ಡೋರು ಮಾತಾಡ್ತಿದೀವಿ."

ಓಪಲ್ ಬಾಯಿ ಮುಚ್ಚಿಕೊಂಡಳು. ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಅಭ್ಯಾಸವೇ. ಮೇಲಿನ ಎರಡು ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡು ಬಂದಿದ್ದರಿಂದ ನಗುವಾಗಲೂ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಬರುವ ತಿಂಗಳು ಮೂರನೇ ತಾರೀಖು ಅವಳ ಹಲ್ಲಿಗೆ ತಂತಿ ಕಟ್ಟಿಸುವುದೆಂದು ದಂತವೈದ್ಯರ ಬಳಿ ಗೊತ್ತಾಗಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅವಳೇ ಹಸಿರು ಬಣ್ಣದಲ್ಲಿ ಸುತ್ತು ಹಾಕಿದ್ದಳು. ಮೂರು ವರ್ಷ ಕಾದಿದ್ದ ಮಗು.

ಆವತ್ತು ಓಪಲ್ ಶಾಲೆಯಲ್ಲಿ ಡಬ್ಬಿ ತೆರೆದರೆ ಎರಡು ಬ್ರೆಡ್ಡಿಗೂ ಬೆಣ್ಣೆ ಹೊರಮೈಗೆ ಸವರಲಾಗಿತ್ತು.

*

ಆ ವರ್ಷದ ವಿಚಾರವೇ ಬೇರೆ. ಕೊರೊನಾ ಬಂದಾಗ ಎಲ್ಲರನ್ನೂ ಮನೆಗೆ ಕಳಿಸಿದ ಧಣಿಗಳು, ಅದು ಇಳಿದ ಮೇಲೆ, ಎಲ್ಲರೂ ಎಲ್ಲಿಗೆ ಹೋದರು ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಊರಿನ ಮುಖ್ಯ ರಸ್ತೆಯಲ್ಲಿ ಬೋರ್ಡಿಲ್ಲದ ಅಂಗಡಿ ಇರಲಿಲ್ಲ. ಟೈರ್ ಅಂಗಡಿಗೆ ಜನ ಬೇಕು, ಬ್ಯಾಂಕಿಗೆ ಜನ ಬೇಕು, ಹುಲ್ಲು ಕತ್ತರಿಸುವವನಿಗೂ ಜನ ಬೇಕು. ಶವಸಂಸ್ಕಾರದ ಅಂಗಡಿಯವರೂ ಬಾಗಿಲಲ್ಲಿ "ಒಳಗೆ ಬನ್ನಿ, ಇಂದೇ ಸೇರಿ" ಎಂದು ಬರೆದು ಹಾಕಿದ್ದರು. ಟೀವಿಯಲ್ಲಿ ಟೈ ಕಟ್ಟಿದ ಒಬ್ಬಾತ ತಿಂಗಳಿಗೊಮ್ಮೆ ಬಂದು, ಕೆಲಸಗಾರರಿಗೆ ಇಂಥ ಕಾಲ ಐವತ್ತು ವರ್ಷದಿಂದ ಬಂದಿರಲಿಲ್ಲ ಎಂದು ಹೇಳಿ ಹೋಗುತ್ತಿದ್ದ. ವೆಂಡೆಲ್ ಅದನ್ನು ತನಗೇ ಹೇಳಿದ ಮಾತೆಂದು ತಿಳಿದಿದ್ದ.

ಸಂಜೆ ವೆಂಡೆಲನ ಹೆಂಡತಿ ಮಾರ್ಲಿಸಳ ತಮ್ಮ ಲೈಲ್ ಬಂದ. ಲೈಲ್ ಒಂದೇ ವರ್ಷದಲ್ಲಿ ನಾಲ್ಕು ಕೆಲಸ ಬದಲಾಯಿಸಿ, ಪ್ರತಿ ಸಲವೂ ಸ್ವಲ್ಪ ಹೆಚ್ಚು ಸಂಬಳಕ್ಕೆ ಏರಿ, ಈಗ ಈ ವಿಷಯದಲ್ಲಿ ಊರಿಗೇ ಪಂಡಿತನಾಗಿದ್ದ. ಬೋರ್ಡಿನ ಕಥೆ ಕೇಳಿ ಅವನು ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ.

"ನೋಡು ವೆಂಡೆಲ್, ರಾಜೀನಾಮೆ ಬರಿ. ಎರಡು ವಾರದ ನೋಟಿಸ್ ಕೊಡು. ಮೇಜಿನ ಮೇಲೆ ಇಡು. ಅಷ್ಟೇ. ಒಂದು ಮಾತೂ ಆಡಬೇಡ."

"ಆಮೇಲೆ?"

"ಆಮೇಲೇನು? ಕಾಲಿಗೆ ಬೀಳ್ತಾರೆ! ಹತ್ತೊಂಬತ್ತು ವರ್ಷದೋನನ್ನ ಬಿಟ್ರೆ ಅವರ ಗತಿ ಏನು? 'ಎಷ್ಟು ಬೇಕು ಹೇಳಪ್ಪಾ' ಅಂತಾರೆ. ಆಗ ನೀನು ಕಿಟಕಿ ಕಡೆ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿರಬೇಕು."

"ಯಾವ ಕಿಟಕಿ? ಆಫೀಸಿನ ಡೋರೀನ್ ರೂಮಲ್ಲಿ ಕಿಟಕಿ ಇಲ್ಲ."

"ಗೋಡೆ ಕಡೆ ನೋಡು ಹಂಗಾದ್ರೆ!"

ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದ ಮಾರ್ಲಿಸ್ ತಿರುಗದೆಯೇ ಕೇಳಿದಳು. "ಅವರು ಬೀಳದೇ ಹೋದ್ರೆ?"

ಗಂಡಸರಿಬ್ಬರೂ ನಕ್ಕರು. ಓಪಲ್ ಮೇಜಿನ ಮೂಲೆಯಲ್ಲಿ ಭಾಗಾಕಾರ ಮಾಡುತ್ತಿದ್ದವಳು ಪೆನ್ಸಿಲ್ ಕೆಳಗಿಟ್ಟು, "ಅಪ್ಪಾ, ಅದರ ಬದಲು—" ಎಂದಳು.

"ಲೆಕ್ಕ ಮಾಡು ಪುಟ್ಟಿ" ಎಂದ ಲೈಲ್ ಮಾವ.

*

ಸೋಮವಾರ ವೆಂಡೆಲ್ ಮಡಿಸಿದ ಕಾಗದವನ್ನು ಡೋರೀನ್ ಹ್ಯಾಪಳ ಮೇಜಿನ ಮೇಲೆ ಇಟ್ಟ. ಕಾರ್ಖಾನೆಯಲ್ಲಿ ಜನರನ್ನು ಸೇರಿಸಿಕೊಳ್ಳುವುದೂ ಬೀಳ್ಕೊಡುವುದೂ ಡೋರೀನಳ ಕೆಲಸ. ಅವಳು ಕನ್ನಡಕ ಏರಿಸಿ ಓದಿದಳು. ವೆಂಡೆಲ್ ಗೋಡೆಯ ಕಡೆ ನೋಡಿದ. ಗೋಡೆಯ ಮೇಲೆ ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎಂಬ ನಕ್ಷೆ ಇತ್ತು.

"ಅಯ್ಯೋ ವೆಂಡೆಲ್! ನೀನೂನಾ!"

ಇನ್ನೇನು ಶುರುವಾಯಿತು ಎಂದುಕೊಂಡು ವೆಂಡೆಲ್ ಎದೆ ಉಬ್ಬಿಸಿ ಕಾದ. ಡೋರೀನ್ ಎದ್ದು ಬಂದಳು. ಬೀಳಲಿಲ್ಲ. ಅಪ್ಪಿಕೊಂಡಳು.

"ತುಂಬಾ ಸಂತೋಷ ಕಣೋ. ಈ ಜನವರಿಯಿಂದ ಕೆಲಸ ಬಿಟ್ಟೋರಲ್ಲಿ ನೀನು ಮೂವತ್ತೆರಡನೆಯೋನು. ಎಲ್ಲಿಗೆ ಅಂತ ಕೇಳಲ್ಲ, ಕೇಳಬಾರದು ಅಂತ ಮೇಲಿಂದ ಹೇಳಿದಾರೆ. ಒಳ್ಳೇ ಜಾಗಾನೇ ಹಿಡಿದಿರ್ತೀಯ. ಇಲ್ಲೊಂದು ಸಹಿ, ಇಲ್ಲೊಂದು. ಕೇಕ್ ಯಾವುದು? ಚಾಕಲೇಟ್ ಇದೆ, ವೆನಿಲಾ ಇದೆ."

"ಕೇಕಾ?"

ಅವಳು ಮೂಲೆಯಲ್ಲಿದ್ದ ಶೈತ್ಯಪೆಟ್ಟಿಗೆಯ ಮುಚ್ಚಳ ಎತ್ತಿದಳು. ಒಳಗೆ ಕಟ್ಟಿಗೆ ಜೋಡಿಸಿದ ಹಾಗೆ ಕೇಕುಗಳು. ಎಲ್ಲದರ ಮೇಲೂ "ಶುಭವಾಗಲಿ" ಎಂದು ಬರೆದು, ಕೆಳಗೆ ಹೆಸರಿಗೆ ಜಾಗ ಬಿಟ್ಟಿತ್ತು. "ಒಟ್ಟಿಗೆ ಎರಡು ಡಜನ್ ತರಿಸಿಬಿಟ್ಟೆ. ಒಂದೊಂದೇ ತಂದರೆ ಪೂರೈಸಲ್ಲ."

ಹತ್ತೊಂಬತ್ತು ವರ್ಷ ದುಡಿದ ಮನುಷ್ಯನಿಗೆ ಆ ಕ್ಷಣದಲ್ಲಿ ಹೇಳಲು ಎಷ್ಟೋ ಮಾತುಗಳಿದ್ದವು. ಲೈಲನ ಅಪ್ಪಣೆ ನೆನಪಾಯಿತು. ಒಂದು ಮಾತೂ ಆಡಬಾರದು. ಆದರೆ ಕೇಕಿನ ವಿಷಯ ಕೇಳಿದವರಿಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ.

"ಚಾಕಲೇಟ್" ಎಂದ ವೆಂಡೆಲ್.

ಹೀಗೆ ಅವನ ಕೆಲಸ ಹೋಯಿತು.

ಅವನು ಬಾಗಿಲು ದಾಟುವ ಮುನ್ನವೇ ಡೋರೀನ್ ಧ್ವನಿವರ್ಧಕದಲ್ಲಿ ಸುದ್ದಿ ಬಿತ್ತರಿಸಿದಳು. ಕಾರ್ಖಾನೆಯಿಡೀ ಚಪ್ಪಾಳೆ. ಚಪ್ಪಾಳೆ ಬಿದ್ದ ಮೇಲೆ ಕಾಗದ ವಾಪಸ್ ಕೇಳುವುದು ಹೇಗೆ? ಎಲ್ಲಿಗೆ ಹೊರಟೆ, ಎಲ್ಲಿಗೆ ಹೊರಟೆ ಎಂದು ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಕೇಳಿದರು. "ಸದ್ಯಕ್ಕೆ ಹೇಳೋ ಹಾಗಿಲ್ಲ" ಎಂದ. ಹೇಳಲು ಏನೂ ಇರಲಿಲ್ಲ. ಆದರೆ ಹಾಗೆ ಹೇಳಿದ ಗಾಂಭೀರ್ಯಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಕೊಲಂಬಸ್ ನಗರದಲ್ಲಿ ಯಾವುದೋ ಭಾರೀ ಕಂಪನಿಯ ಮೇಲ್ವಿಚಾರಕನಾಗಿದ್ದ. ಮೂರು ಗಂಟೆಗೆ ಕಂಪನಿ ಅವನಿಗೆ ಕಾರನ್ನೂ ಕೊಟ್ಟಿತ್ತು.

ಉಳಿದ ಎರಡು ವಾರ ಅವನ ಜಾಗಕ್ಕೆ ಬಂದ ಚೆಟ್ ಎಂಬಾತನಿಗೆ ಕೆಲಸ ಕಲಿಸಬೇಕಾಯಿತು. ಚೆಟ್ ಹಿಂದೆ ಬಿಸಿನೀರಿನ ತೊಟ್ಟಿ ಮಾರುತ್ತಿದ್ದ ಐವತ್ತರ ಮನುಷ್ಯ. ನೀಲಿ ಟೋಪಿ ಹಾಕಿಕೊಂಡಿದ್ದ. ಗಂಟೆಗೆ ಇಪ್ಪತ್ತೊಂದು ಡಾಲರ್ ತೆಗೆದುಕೊಂಡು ಬಾವುಟವನ್ನು ತಲೆಕೆಳಗಾಗಿ ಜೋಡಿಸುತ್ತಿದ್ದ.

"ಇದು ಹೀಗಲ್ವಾ ಸಾರ್?"

"ಅಲ್ಲ ಚೆಟ್. ಹಾಗಿಟ್ರೆ ಅಂಚೆಯವನು ತಲೆಕೆಳಗೆ ಬರಬೇಕಾಗುತ್ತೆ."

"ನೀವು ಎಷ್ಟು ಚೆನ್ನಾಗಿ ಹೇಳಿಕೊಡ್ತೀರಾ ಸಾರ್! ಇಲ್ಲಿ ನಿಮಗೆ ಎಷ್ಟು ಕೊಡ್ತಿದ್ರು?"

ವೆಂಡೆಲ್ ಬಾವುಟವನ್ನು ಮೂರು ಸಲದ ಬದಲು ಒಂಬತ್ತು ಸಲ ಎತ್ತಿ ಇಳಿಸಿದ.

ಕೊನೆಯ ಶುಕ್ರವಾರ ಕೇಕು ಬಂತು. ಅದೇ ದಿನ ಪೇಂಟಿನ ವಿಭಾಗದಿಂದ ಗ್ಲೆಂಡಾ ಎಂಬುವಳೂ ಬಿಡುತ್ತಿದ್ದಳು. ಅವಳು ಸೇರಿ ಹನ್ನೊಂದು ದಿನವಾಗಿತ್ತು. ಒಂದೇ ಕೇಕಿನಲ್ಲಿ ಇಬ್ಬರನ್ನೂ ಮುಗಿಸೋಣ ಎಂದು ಡೋರೀನ್ ನಡುವೆ ದಪ್ಪಕ್ಷರದಲ್ಲಿ "ಗ್ಲೆಂಡಾ" ಎಂದು ಬರೆಸಿದ್ದಳು. ಕೆಳಗಿನ ಅಂಚಿನಲ್ಲಿ, ಕೆನೆ ಮುಗಿದು ಹೋಗುವಂತಿದ್ದ ಜಾಗದಲ್ಲಿ, "ಮತ್ತು ವೆಂಡೆಲ್" ಎಂದಿತ್ತು. ಕತ್ತರಿಸುವಾಗ ಆ ಅಂಚು ಚೆಟ್‌ಗೆ ಹೋಯಿತು.

ಇಂಥ ಅನ್ಯಾಯಕ್ಕೆ ಯಾವ ಕೋರ್ಟಿನಲ್ಲೂ ದಾವೆ ಹೂಡಲು ಬರುವುದಿಲ್ಲ. ಅದೇ ಇನ್ನೂ ದೊಡ್ಡ ಅನ್ಯಾಯ.

*

"ಬೋರ್ಡ್ ಇಲ್ಲದ ಅಂಗಡಿ ಇಲ್ಲ ಮಾರ್ಲಿಸ್. ಸೋಮವಾರ ಬೆಳಗ್ಗೆ ಹೋದ್ರೆ ಮಧ್ಯಾಹ್ನಕ್ಕೆ ಕೆಲಸ" ಎಂದಿದ್ದ ವೆಂಡೆಲ್. ಮದುವೆಯ ದಿನ ಕಟ್ಟಿದ್ದ ಟೈ ಕಟ್ಟಿಕೊಂಡು ಹೊರಟ.

ಟೈರ್ ಅಂಗಡಿಯವನು "ಕಂಪ್ಯೂಟರಲ್ಲಿ ಅರ್ಜಿ ಹಾಕಿ" ಎಂದ. ಬ್ಯಾಂಕಿನವಳು ಕೂಡ ನಗುನಗುತ್ತಾ ಅದನ್ನೇ ಹೇಳಿದಳು. ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕೂತು ವೆಂಡೆಲ್ ತನ್ನ ಜೀವನಚರಿತ್ರೆಯನ್ನು ಒಂದು ಸಲ ಏರಿಸಿದ. ಕಂಪ್ಯೂಟರು ಅದನ್ನು ನುಂಗಿ, ಅದನ್ನೇ ಇನ್ನೊಂದು ಸಲ ಬೇರೆ ಬೇರೆ ಚೌಕಗಳಲ್ಲಿ ತುಂಬು ಎಂದಿತು. ತುಂಬಿದ. ನೀವೊಂದು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ ಎಂದು ಕೇಳಿತು. ಹೇಸರಗತ್ತೆ ಎಂದು ಬರೆದ. ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದ, ಹೆಚ್ಚು ಸೂಕ್ತರಾದವರು ಸಿಕ್ಕಿದ್ದಾರೆ.

"ನಾಲ್ಕು ನಿಮಿಷದಲ್ಲಿ ಎಲ್ಲಿ ಸಿಕ್ಕಿದ್ರು?" ಎಂದು ವೆಂಡೆಲ್ ಕಂಪ್ಯೂಟರಿಗೇ ಕೇಳಿದ. ಗ್ರಂಥಪಾಲಕಿ ತುಟಿಯ ಮೇಲೆ ಬೆರಳಿಟ್ಟಳು.

ಗುರುವಾರ ಊರ ಹೊರಗಿನ ಬರ್ಗರ್ ಅಂಗಡಿಗೆ ಹೋದ. ಅಲ್ಲಿಯ ಮ್ಯಾನೇಜರ್ ನೇರಳೆ ಕೂದಲಿನ ಹುಡುಗಿ, ಮೆರಿಸಾ. ಒಬ್ಬಳೇ ಇದ್ದಳು. ಆಲೂಗಡ್ಡೆ ಕರಿಯುತ್ತಲೇ ಸಂದರ್ಶನ ಶುರು ಮಾಡಿದಳು.

"ಇನ್ನು ಐದು ವರ್ಷಕ್ಕೆ ನೀವು ಎಲ್ಲಿರಬೇಕು ಅಂತಿದೀರಾ?"

"ಇಲ್ಲೇ ಇರ್ತೀನಮ್ಮ. ನಾನು ಒಂದು ಕಡೆ ನಿಂತರೆ ಅಲ್ಲೇ."

"ವಾವ್" ಎಂದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. "ಹೂಂ... ಹೂಂ... ಗಂಟೆಗೆ ಎರಡು ಡಾಲರ್ ಜಾಸ್ತಿನಾ? ಈಗಲೇನಾ?" ಎದುರು ರಸ್ತೆಯ ಕೋಳಿ ಅಂಗಡಿಯಿಂದ ಕರೆ. ಅವಳು ಮೇಲಂಗಿ ಬಿಚ್ಚಿ ವೆಂಡೆಲನ ಕೈಗಿಟ್ಟು, "ಎಣ್ಣೆ ಕಾದಿದೆ, ಹುಷಾರು" ಎಂದು ರಸ್ತೆ ದಾಟಿಬಿಟ್ಟಳು.

ಕಾದ ಎಣ್ಣೆಯನ್ನು ನಡುಮಧ್ಯೆ ಬಿಟ್ಟು ಹೋಗುವ ಮನುಷ್ಯನಲ್ಲ ವೆಂಡೆಲ್. ಒಂದು ಸುತ್ತು ಆಲೂಗಡ್ಡೆ ಇಳಿಸಿದ, ಮತ್ತೊಂದು ಸುತ್ತು ಹಾಕಿದ. ಕಾರಿನಲ್ಲಿ ಕೂತೇ ತಿಂಡಿ ಕೊಳ್ಳುವ ಕಿಟಕಿಯ ಹೊರಗೆ ಕಾರುಗಳ ಸಾಲು ಹಾರನ್ ಹೊಡೆಯತೊಡಗಿತು. ಹಣದ ಪೆಟ್ಟಿಗೆ ತೆರೆಯುವುದು ಅವನಿಗೆ ಗೊತ್ತಿರಲಿಲ್ಲ. ಹಸಿದವರನ್ನು ಬರಿಗೈಲಿ ಕಳಿಸಲೂ ಮನಸ್ಸಾಗಲಿಲ್ಲ. ಬಂದವರಿಗೆಲ್ಲ ಪೊಟ್ಟಣ ಕಟ್ಟಿ, "ದುಡ್ಡು ಬೇಡ, ಹೋಗಿ ಬನ್ನಿ" ಎಂದು ಕೊಟ್ಟ. ನಾಲ್ಕನೇ ಕಾರಿನಲ್ಲಿ ರಸ್ ಬೆಂಡರ್ ಇದ್ದ.

"ವೆಂಡೆಲ್!"

"ರಸ್."

ರಸ್ ಅವನ ಟೈ ನೋಡಿದ. ಖಾಲಿ ಅಂಗಡಿ ನೋಡಿದ. ಕೈಯಲ್ಲಿದ್ದ ಪುಕ್ಕಟೆ ಪೊಟ್ಟಣ ನೋಡಿದ. ಟೈ ಕಟ್ಟಿಕೊಂಡು ಆಲೂಗಡ್ಡೆ ದಾನ ಮಾಡುವವನು ಕೂಲಿಯವನಂತೂ ಅಲ್ಲ ಎಂದು ಅವನ ಬುದ್ಧಿಗೆ ಹೊಳೆಯಿತು.

"ಓಹೋ! ಇದಕ್ಕೇನಾ ಹೇಳೋ ಹಾಗಿಲ್ಲ, ಹೇಳೋ ಹಾಗಿಲ್ಲ ಅಂತಿದ್ದದ್ದು? ಕಳ್ಳಾ!"

"ರಸ್, ಹಾಗಲ್ಲ, ನಾನು—"

"ಯಾರಿಗೂ ಹೇಳಲ್ಲ ಮಾರಾಯಾ, ಆಣೆ!" ಎಂದು ರಸ್ ಆಗಲೇ ಫೋನು ಕೈಗೆತ್ತಿಕೊಂಡು ಕಾರು ಹೊರಡಿಸಿದ.

ಮುಕ್ಕಾಲು ಗಂಟೆಯ ಮೇಲೆ ಅಂಗಡಿಯ ನಿಜವಾದ ಮಾಲೀಕ ಏದುಸಿರು ಬಿಡುತ್ತಾ ಬಂದ. ಕಥೆಯೆಲ್ಲ ಕೇಳಿದ. ಬಾಣಲೆ ನೋಡಿದ, ಒರೆಸಿದ ಕಟ್ಟೆ ನೋಡಿದ, ವೆಂಡೆಲನ ಕೈ ಹಿಡಿದು ಕುಲುಕಿದ. "ನಿಮ್ಮಂಥೋರು ಸಿಗಲ್ಲ ಸ್ವಾಮೀ, ಈ ಕಾಲದಲ್ಲಿ ಯಾರಿಗೂ ಕೆಲಸ ಬೇಕಾಗಿಲ್ಲ!"

"ನನಗೆ ಬೇಕು."

"ಹೌದಾ? ಕಂಪ್ಯೂಟರಲ್ಲಿ ಅರ್ಜಿ ಹಾಕಿ."

ಹಾಕಿದ. ಅಡುಗೆಯ ಅನುಭವ ಸಾಲದು ಎಂದು ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ಅವನ ಅಂಗಿಯ ತೋಳಿನಲ್ಲಿ ಕರಿದ ಎಣ್ಣೆಯ ವಾಸನೆ ಇನ್ನೂ ಇತ್ತು.

*

ಭಾನುವಾರ ಚರ್ಚು ಬಿಟ್ಟ ಮೇಲೆ ಹುಲ್ಲಿನ ಮೇಲೆ ಎಲ್ಲರೂ ಕಾಫಿ ಲೋಟ ಹಿಡಿದು ನಿಂತಿದ್ದರು. ವೆಂಡೆಲ್ ಹೊರಗೆ ಬರುತ್ತಿದ್ದ ಹಾಗೆ ಜನ ದಾರಿ ಬಿಟ್ಟು ಸರಿದು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಯಾರೂ ದಾರಿ ಬಿಟ್ಟಿರಲಿಲ್ಲ.

ಪಾದ್ರಿಗಳು ಎರಡೂ ಕೈ ಚಾಚಿ ಬಂದರು. "ಬ್ರದರ್ ವೆಂಡೆಲ್! ಬೇಸಿಗೆ ವನಭೋಜನಕ್ಕೆ ನೂರೈವತ್ತು ಬರ್ಗರ್ ಬೇಕಾಗುತ್ತೆ. ದೇವರೇ ನಿಮ್ಮ ಮನಸ್ಸಿಗೆ ತಂದುಕೊಡಲಿ ಅಂತ ಪ್ರಾರ್ಥನೆ ಮಾಡ್ತಿದ್ದೆ."

"ನೂರೈವತ್ತು ಬರ್ಗರ್ರಾ?"

"ಚೀಸ್ ಹಾಕಿದ್ದಾದ್ರೂ ಪರವಾಗಿಲ್ಲ."

ಅವರ ಹಿಂದೆಯೇ ಲೈಲ್. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಸ್ವಂತ ಭಾಮೈದನ ಹತ್ರನೂ ಮುಚ್ಚಿಟ್ಯಲ್ಲ ವೆಂಡೆಲ್! ಇರಲಿ ಬಿಡು, ನಾನೇನೂ ಮನಸ್ಸಿಗೆ ಹಾಕ್ಕೊಂಡಿಲ್ಲ. ಶುಕ್ರವಾರವೇ ನನ್ನ ಕೆಲಸಕ್ಕೆ ನೋಟಿಸ್ ಕೊಟ್ಟೆ. ನಿನ್ನ ಅಂಗಡಿಗೆ ಮ್ಯಾನೇಜರ್ ಇಲ್ವಂತಲ್ಲ, ಎರಡು ವಾರ ಆದ್ಮೇಲೆ ನಾನೇ ನೋಡ್ಕೋತೀನಿ."

"ಯಾವ ಅಂಗಡಿ?" ಎಂದಳು ಮಾರ್ಲಿಸ್.

ಎಲ್ಲರೂ ಅವಳ ಕಡೆ ತಿರುಗಿದರು. ಹೆಂಡತಿಗೂ ಹೇಳದೆ ಅಂಗಡಿ ಕೊಂಡ ಗಂಡನನ್ನು ಹೆಂಗಸರು ಕೆಂಡ ಕಾರುವ ಕಣ್ಣಿನಿಂದಲೂ ಗಂಡಸರು ಹೊಸದೊಂದು ಗೌರವದಿಂದಲೂ ನೋಡಿದರು. ಓಪಲ್ ಅಪ್ಪನ ಅಂಗಿಯ ತುದಿ ಜಗ್ಗಿ ಏನೋ ಹೇಳಹೊರಟಳು. ಪಾದ್ರಿಗಳು ಅವಳ ತಲೆ ಸವರಿ, "ಮಾಲೀಕನ ಮಗಳು!" ಎಂದರು.

ಕಾರಿನಲ್ಲಿ ಕೂತ ಮೇಲೆ ಮಾರ್ಲಿಸ್ ಬೆಲ್ಟು ಬಿಗಿದುಕೊಂಡು ತುಂಬ ಮೃದುವಾಗಿ ಕೇಳಿದಳು. ಅವಳು ದನಿ ಏರಿಸಿದರೆ ವೆಂಡೆಲ್ ಹೆದರುತ್ತಿರಲಿಲ್ಲ. ಇಳಿಸಿದರೆ ಹೆದರುತ್ತಿದ್ದ.

"ವೆಂಡೆಲ್, ಇವತ್ತಿಗೆ ನಿನ್ನ ಕೈಯಲ್ಲಿ ಎಷ್ಟು ಕೆಲಸ ಇದೆ?"

"ಬೋರ್ಡುಗಳು ತುಂಬಾ ಇವೆ ಮಾರ್ಲಿಸ್. ಶವಸಂಸ್ಕಾರದೋರೂ—"

"ಬೋರ್ಡು ಕೇಳಲಿಲ್ಲ ನಾನು."

ಒಂದು ಸಿಗ್ನಲ್ ದಾಟಿತು. ಇನ್ನೊಂದು ಬಂತು.

"ಶುಕ್ರವಾರ ದಂತವೈದ್ಯರ ಕಡೆಯಿಂದ ಫೋನ್ ಬಂದಿತ್ತು" ಎಂದಳು ಮಾರ್ಲಿಸ್. "ಕಾರ್ಖಾನೆ ಕೆಲಸದ ಜೊತೆಗೇ ಹಲ್ಲಿನ ಖರ್ಚು ಕೊಡೋ ನಮ್ಮ ವಿಮೆನೂ ಹೋಗುತ್ತಂತೆ. ತಿಂಗಳ ಕೊನೇ ದಿನದವರೆಗೆ ಮಾತ್ರ. ತಂತಿ ಹಾಕೋದು ಮೂರಕ್ಕೆ. ನಾವೇ ಪೂರ್ತಿ ಕೊಡೋದಾದ್ರೆ ಬನ್ನಿ, ಇಲ್ಲಾಂದ್ರೆ ಆ ಜಾಗ ಬೇರೆಯೋರಿಗೆ ಕೊಡ್ತೀವಿ ಅಂದ್ರು."

ವೆಂಡೆಲ್ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ಓಪಲ್ ಕಿಟಕಿಯ ಹೊರಗೆ ನೋಡುತ್ತಾ, ಯಾರೂ ನಗಿಸದಿದ್ದರೂ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

*

ಮಂಗಳವಾರ ಬೆಳಗ್ಗೆ ಅವನು ಟಟ್‌ವೈಲರ್ ಕಾರ್ಖಾನೆಯ ಮುಂದೆ ಕಾರು ನಿಲ್ಲಿಸಿದ. ಬೋರ್ಡಿನ ಅಂಕಿ ಬದಲಾಗಿತ್ತು. ಈಗ ಇಪ್ಪತ್ತೆರಡು ಡಾಲರ್.

ಡೋರೀನ್ ಅವನನ್ನು ಕಂಡು ಕುರ್ಚಿಯಿಂದ ನೆಗೆದಳು. "ದೇವರೇ ಕಳಿಸಿದ ನಿನ್ನನ್ನ! ಸಾಲಿನಲ್ಲಿ ಮೂರು ಜಾಗ ಖಾಲಿ. ನೆನ್ನೆ ಸೇರಿದೋನು ಟೋಪಿ ಇಸ್ಕೊಂಡು ಊಟಕ್ಕೆ ಅಂತ ಹೋದೋನು ಬರಲೇ ಇಲ್ಲ!"

"ಹಾಗಾದ್ರೆ ಡೋರೀನ್, ನನ್ನ ಆ ಕಾಗದಾನ ಹರಿದುಹಾಕ್ತೀಯಾ?"

ಡೋರೀನಳ ಮುಖ ಬಾಡಿತು. "ಹರಿಯೋಕೆ ಬರಲ್ಲ ಕಣೋ. ಕಂಪ್ಯೂಟರಲ್ಲಿ ನಿನ್ನ ಹೆಸರು ಮುಚ್ಚಿಹೋಗಿದೆ. ಹೋದೋರನ್ನ ವಾಪಸ್ ತಗೊಳ್ಳೋಕೆ ಅದರಲ್ಲಿ ಗುಂಡಿನೇ ಇಲ್ಲ. ಹೊಸಬನಾಗಿ ಸೇರು. ಇಪ್ಪತ್ತೆರಡು ಡಾಲರ್, ಕೈಗೆ ಐನೂರು. ನಿನಗೇ ಲಾಭ! ಹೇಳು, ಅನುಭವ?"

"ಹತ್ತೊಂಬತ್ತು ವರ್ಷ."

"ಶ್! ಹಾಗೆ ಹಾಕಿದ್ರೆ ಅದು ನಿನ್ನನ್ನ ಆಚೆ ತಳ್ಳುತ್ತೆ. ಅಷ್ಟು ಅನುಭವ ಇರೋರು ನಿಲ್ಲಲ್ಲ ಅಂತ ಅದರ ನಂಬಿಕೆ. 'ಏನೂ ಇಲ್ಲ' ಅಂತ ಹಾಕ್ತೀನಿ."

"ಏನೂ ಇಲ್ಲ" ಎಂಬುದರ ಕೆಳಗೆ ವೆಂಡೆಲ್ ಸಹಿ ಮಾಡಿದ.

"ಆಮೇಲೆ ಡೋರೀನ್, ವಿಮೆ?"

"ತೊಂಬತ್ತು ದಿನ ಆದಮೇಲೆ. ಎಲ್ಲ ಹೊಸಬರಿಗೂ ಅಷ್ಟೇ. ರಜೆ ಮುಂದಿನ ವರ್ಷದಿಂದ."

"ಹತ್ತೊಂಬತ್ತು ವರ್ಷ ಕೂಡಿಟ್ಟ ರಜೆ?"

"ಅದು ಆ ವೆಂಡೆಲ್‌ದು" ಎಂದಳು ಡೋರೀನ್, ಮನಸ್ಸು ನೊಂದು.

ಸೇರಿದ ಪ್ರತಿಯೊಬ್ಬನೂ ಸುರಕ್ಷತೆಯ ಚಿತ್ರ ನೋಡಲೇಬೇಕೆಂಬುದು ನಿಯಮ. ಕತ್ತಲೆ ಕೋಣೆಯಲ್ಲಿ ಕೂರಿಸಿದರು. ಪರದೆಯ ಮೇಲೆ ದಪ್ಪ ಮೀಸೆಯ ಯುವಕನೊಬ್ಬ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಪೆಟ್ಟಿಗೆ ಎತ್ತಿ ತೋರಿಸಿ ನಕ್ಕ. ಹದಿಮೂರು ವರ್ಷದ ಹಿಂದಿನ ವೆಂಡೆಲ್ ಸ್ಟ್ರೂಪ್. ಆಗ ಚಿತ್ರ ತೆಗೆಯುವವರು ಕಾರ್ಖಾನೆಯಲ್ಲೆಲ್ಲ ಹುಡುಕಿ, ನಂಬಿಕೆ ಹುಟ್ಟಿಸುವ ಮುಖ ಇವನದೇ ಎಂದು ಆರಿಸಿದ್ದರು.

ದೀಪ ಹತ್ತಿತು. ಬಾಗಿಲಲ್ಲಿ ಚೆಟ್ ನಿಂತಿದ್ದ. ಮೂರು ವಾರ ಬಿಡದೆ ಬಂದವನು ಆ ಸಾಲಿನಲ್ಲಿ ಅವನೊಬ್ಬನೇ ಆದ್ದರಿಂದ ಹೊಸಬರಿಗೆ ಕಲಿಸುವ ಹುದ್ದೆ ಅವನಿಗೆ ಬಂದಿತ್ತು. ಎದೆಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು.

"ಬಾ ವೆಂಡೆಲ್. ಗಮನ ಇಟ್ಟು ನೋಡಿದ್ಯಾ? ಆ ಮೀಸೆ ಮನುಷ್ಯ ಎತ್ತಿದ ಹಾಗೇ ಎತ್ತಬೇಕು. ಎಲ್ಲರಿಗೂ ಅವನಷ್ಟು ಚೆನ್ನಾಗಿ ಬರಲ್ಲ, ಬೇಜಾರಾಗಬೇಡ."

"ಅದು ನಾನೇ ಚೆಟ್."

ಚೆಟ್ ಪರದೆಯನ್ನೊಮ್ಮೆ, ವೆಂಡೆಲನನ್ನೊಮ್ಮೆ ನೋಡಿ ಕನಿಕರದಿಂದ ಅವನ ಹೆಗಲು ತಟ್ಟಿದ. "ಮೊದಲನೇ ದಿನ ಎಲ್ಲರಿಗೂ ಹಾಗೇ ಅನ್ಸುತ್ತೆ. ಬಾ, ಬಾವುಟ ಹೇಗೆ ಜೋಡಿಸೋದು ಅಂತ ತೋರಿಸ್ತೀನಿ."

*

ಸಂಜೆ ಸ್ಟ್ರೂಪರ ಮನೆಯ ಊಟದ ಮೇಜಿನ ಸುತ್ತ ದೊಡ್ಡ ಸಭೆಯೇ ಸೇರಿತು. ಮಾರ್ಲಿಸ್ ಶಾವಿಗೆ ಮತ್ತು ಮೀನು ಹಾಕಿ ಒಲೆಯಲ್ಲಿ ಬೇಯಿಸಿದ್ದನ್ನು ತಂದಿಟ್ಟಳು. ಬರ್ಗರ್ ಅಂಗಡಿ ಇಲ್ಲವೆಂದು ತಿಳಿದು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದ ಲೈಲ್, ಇಪ್ಪತ್ತೆರಡು ಡಾಲರಿನ ಸುದ್ದಿ ಕೇಳಿ ಮೊದಲಿಗೆ ಬಂದು ಕೂತ. ವಾಸನೆ ಹಿಡಿದು ರಸ್ ಬಂದ.

"ನಾನು ಹೇಳಲಿಲ್ವಾ? ಗಂಟೆಗೆ ಮೂರು ಡಾಲರ್ ನಲವತ್ತು ಸೆಂಟ್ ಜಾಸ್ತಿ! ಇದಕ್ಕೇ ಚಾಣಾಕ್ಷತನ ಅನ್ನೋದು" ಎಂದು ಲೈಲ್ ಮೇಜು ಗುದ್ದಿದ. ಅವನ ಸ್ವಂತ ನೋಟಿಸಿಗೆ ಇನ್ನು ಹತ್ತು ದಿನ ಉಳಿದಿತ್ತು.

"ತೊಂಬತ್ತು ದಿನ ವಿಮೆ ಇಲ್ಲ" ಎಂದಳು ಮಾರ್ಲಿಸ್, ತಟ್ಟೆಗಳಿಗೆ ಬಡಿಸುತ್ತಾ. "ತಂತಿ ಸೆಪ್ಟೆಂಬರಿಗೆ ಹೋಯ್ತು. ಆಗಲೂ ಜಾಗ ಸಿಕ್ಕಿದ್ರೆ."

ಎಲ್ಲರಿಗೂ ಒಟ್ಟಿಗೆ ಸಿಟ್ಟು ಬಂತು. ಸಿಟ್ಟು ಬಂದಿದ್ದೇ ಎಲ್ಲರಿಗೂ ಸಮಾಧಾನವಾಯಿತು.

"ಮಗುವಿನ ಹಲ್ಲಿನ ಮೇಲೆ ಸೇಡು ತೀರಿಸ್ಕೋತಾರಾ!" ಎಂದ ರಸ್. "ಏನು ಜನ ಇವರು!"

"ಕಟುಕರು!" ಎಂದ ಲೈಲ್. "ಹತ್ತೊಂಬತ್ತು ವರ್ಷ ದುಡಿದೋನು ಕಣ್ಣೆದುರಿಗೇ ಇದಾನೆ. ಅವನಿಗೆ ಕಡಿಮೆ, ದಾರೀಲಿ ಹೋಗೋನಿಗೆ ಜಾಸ್ತಿ. ಅವರಿಗೇ ತಿಳೀಬೇಕಾಗಿತ್ತು!"

"ಅದೇ ನಾನೂ ಹೇಳೋದು!" ಎಂದ ವೆಂಡೆಲ್. ಮೂರು ವಾರದಿಂದ ಗಂಟಲಲ್ಲಿ ನಿಂತಿದ್ದದ್ದೆಲ್ಲ ಹೊರಗೆ ಬಂತು. "ನಾನೇನು ಅರಮನೆ ಕೇಳಿದ್ನಾ? ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಆ ಡೋರೀನ್ ಕೈ ಕುಲುಕ್ತಾಳೆ. 'ಹೇಗಿದೀಯಾ ವೆಂಡೆಲ್, ಏನಾದ್ರೂ ಬೇಕಾ' ಅಂತಾಳೆ. ನಾನು 'ಎಲ್ಲಾ ಚೆನ್ನಾಗಿದೆ' ಅಂತೀನಿ. ಅವಳಿಗೆ ಗೊತ್ತಾಗಬೇಡ್ವಾ? ಹತ್ತೊಂಬತ್ತು ಕ್ರಿಸ್ಮಸ್! ಒಬ್ಬ ಮನುಷ್ಯ ಹತ್ತೊಂಬತ್ತು ಸಲ ಎಲ್ಲಾ ಚೆನ್ನಾಗಿದೆ ಅಂತ ಹೇಳಿದ್ರೆ, ಏನೋ ಸರಿಯಿಲ್ಲ ಅಂತ ಅರ್ಥ ಆಗಲ್ವಾ ಅವರಿಗೆ?"

"ಕಲ್ಲು ಹೃದಯ!" ಎಂದ ರಸ್, ಇನ್ನೊಂದು ಸೌಟು ಬಡಿಸಿಕೊಳ್ಳುತ್ತಾ.

"ಕಿವುಡರು!" ಎಂದ ಲೈಲ್.

ಮಾರ್ಲಿಸ್ ಮಗಳನ್ನು ನೋಡುತ್ತಿದ್ದಳು. ಓಪಲ್ ಮುಳ್ಳುಚಮಚವನ್ನು ತಟ್ಟೆಯ ಪಕ್ಕದಲ್ಲಿ ನೆಟ್ಟಗೆ ಇಟ್ಟು, ಬಾಯಿಯ ಮೇಲಿದ್ದ ಕೈ ತೆಗೆದಳು. ಈ ಸಲ ಅವಳನ್ನು ತಡೆಯಲು ಯಾರ ಬಾಯೂ ಖಾಲಿ ಇರಲಿಲ್ಲ. ಎಲ್ಲರ ಬಾಯಲ್ಲೂ ಶಾವಿಗೆ ಇತ್ತು.

"ಅಪ್ಪಾ," ಎಂದಳು ಓಪಲ್, "ಸಂಬಳ ಜಾಸ್ತಿ ಮಾಡಿ ಅಂತ ಮಿಸ್ ಡೋರೀನ್‌ನ ನೀನು ಯಾವತ್ತಾದ್ರೂ ಕೇಳಿದ್ಯಾ?"